9.5 ಇದ್ದ ರೇಟಿಂಗ್ 6.8 ಆಗುವುದು ಹೇಗೆ? ಪ್ರೇಕ್ಷಕರ ಅಂಕಗಳ ಒಳಲೆಕ್ಕ

ಬಿಡುಗಡೆಯಾದ ರಾತ್ರಿ ಒಂದು ಸಿನಿಮಾದ ಹೆಸರಿನ ಕೆಳಗೆ 10ಕ್ಕೆ 9.5 ಎಂದಿರುತ್ತದೆ. ಮೂರನೇ ವಾರ ನೋಡಿದರೆ 6.8. ನಡುವೆ ಸಿನಿಮಾದ ಒಂದು ಫ್ರೇಮೂ ಬದಲಾಗಿಲ್ಲ. ಬೇಕಂತಲೇ ಯಾರೋ ಇಳಿಸಿದ್ದಾರೆ ಎಂದು ಅಭಿಮಾನಿಗಳು ಸಿಟ್ಟಾಗುತ್ತಾರೆ. ಮೊದಲ ದಿನದ್ದೆಲ್ಲ ದುಡ್ಡು ಕೊಟ್ಟು ಹಾಕಿಸಿದ ಓಟು ಎಂದು ಉಳಿದವರು ಮೂಗು ಮುರಿಯುತ್ತಾರೆ. ಎರಡೂ ಒಮ್ಮೊಮ್ಮೆ ನಿಜವೇ. ಆದರೆ ಬಹಳ ಸಲ ಯಾವ ಕಿತಾಪತಿಯೂ ನಡೆದಿರುವುದಿಲ್ಲ, ಬರೀ ಕೂಡಿ ಭಾಗಿಸಿದರೂ ಅಂಕ ಇಷ್ಟು ಇಳಿಯುತ್ತದೆ.

ಮೊದಲ ದಿನ 2,000 ಮಂದಿ ಓಟು ಹಾಕಿದರು, ಅವರ ಸರಾಸರಿ 9.5 ಎಂದುಕೊಳ್ಳಿ. ಆ ನಂತರ 18,000 ಮಂದಿ ಬಂದರು, ಅವರ ಸರಾಸರಿ 6.5. ಮೊದಲಿನವರಿಂದ ಒಟ್ಟು 19,000 ಅಂಕ, ಆಮೇಲೆ ಬಂದವರಿಂದ 1,17,000. ಕೂಡಿಸಿದರೆ 1,36,000. ಅದನ್ನು 20,000 ಓಟುಗಳಿಂದ ಭಾಗಿಸಿದರೆ ಬರುವುದು 6.8. ಇಲ್ಲಿ ಯಾರೂ ಮನಸ್ಸು ಬದಲಾಯಿಸಿಲ್ಲ, ಯಾರೂ ಮೋಸ ಮಾಡಿಲ್ಲ. ಓಟು ಹಾಕಿದ ಗುಂಪು ಬದಲಾಗಿದೆ, ಅಷ್ಟೇ.

ಹಾಗಾಗಿ ಯಾವುದೇ ರೇಟಿಂಗ್ ಕಂಡಾಗ ಕೇಳಿಕೊಳ್ಳಬೇಕಾದದ್ದು ಮೂರು: ಯಾರನ್ನು ಕೇಳಿದರು, ಯಾವಾಗ ಕೇಳಿದರು, ಏನೆಂದು ಕೇಳಿದರು. ಈ ಮೂರರಲ್ಲಿ ಒಂದು ಬದಲಾದರೂ ಅದೇ ಸಿನಿಮಾಗೆ ಬೇರೆ ಅಂಕಿ ಬರುತ್ತದೆ. ಮೂರನೆಯದನ್ನು ಜನ ಗಮನಿಸುವುದೇ ಕಡಿಮೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಸರಾಸರಿ, ಶೇಕಡಾವಾರು, ದರ್ಜೆ

ರೇಟಿಂಗ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಕನಿಷ್ಠ ಮೂರು ಬಗೆಯ ಲೆಕ್ಕಗಳಿವೆ.

ಎಲ್ಲರಿಗೂ ಗೊತ್ತಿರುವುದು ಸರಾಸರಿ. 1990ರಲ್ಲಿ ಶುರುವಾದ ಐಎಂಡಿಬಿಯಲ್ಲಿ ಪ್ರೇಕ್ಷಕರು 1ರಿಂದ 10ರವರೆಗೆ ಅಂಕ ಕೊಡುತ್ತಾರೆ, ಲೆಟರ್‌ಬಾಕ್ಸ್ಡ್‌ನಲ್ಲಿ ಅರ್ಧ ಸ್ಟಾರಿನಿಂದ ಐದು ಸ್ಟಾರಿನವರೆಗೆ. ಇಲ್ಲಿ ಕೇಳುತ್ತಿರುವ ಪ್ರಶ್ನೆ, ಎಷ್ಟು ಇಷ್ಟವಾಯಿತು?

ಎರಡನೆಯದು ಶೇಕಡಾವಾರು. ರಾಟನ್ ಟೊಮ್ಯಾಟೋಸ್‌ನಲ್ಲಿ ಟೊಮ್ಯಾಟೋಮೀಟರ್ ಎಂದು ಕಾಣುವ ಅಂಕಿ ಈ ಜಾತಿಯದು. ಅಲ್ಲಿ ವಿಮರ್ಶಕರ ಪ್ರತಿಯೊಂದು ವಿಮರ್ಶೆಯನ್ನೂ ಮೆಚ್ಚುಗೆ ಅಥವಾ ತಿರಸ್ಕಾರ ಎಂಬ ಎರಡೇ ಬುಟ್ಟಿಗೆ ಹಾಕಲಾಗುತ್ತದೆ. ಮೆಚ್ಚುಗೆಯ ಬುಟ್ಟಿಯಲ್ಲಿ ನೂರಕ್ಕೆ ಎಷ್ಟು ಬಿದ್ದಿವೆಯೋ ಅದೇ ಅಂಕಿ. 60 ಮತ್ತು ಅದಕ್ಕಿಂತ ಮೇಲಿದ್ದರೆ ಕೆಂಪು ಟೊಮೆಟೊ, ಕೆಳಗಿದ್ದರೆ ಹಸಿರು ಮಚ್ಚೆ. ಪ್ರೇಕ್ಷಕರದ್ದು ಬೇರೆ ಅಂಕಿ, 2024ರಿಂದ ಅದಕ್ಕೆ ಪಾಪ್‌ಕಾರ್ನ್‌ಮೀಟರ್ ಎಂದು ಹೆಸರು. ಐದಕ್ಕೆ ಮೂರೂವರೆ ಸ್ಟಾರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರನ್ನು ಮೆಚ್ಚಿದವರೆಂದು ಎಣಿಸಿ, ಅಂಥವರು ನೂರಕ್ಕೆ ಎಷ್ಟು ಎಂದು ತೋರಿಸುತ್ತಾರೆ. ಮೂರೂವರೆ ಕೊಟ್ಟವನೂ ಒಂದೇ, ಐದು ಕೊಟ್ಟವನೂ ಒಂದೇ.

ಶಾಲೆಯ ಫಲಿತಾಂಶ ನೂರಕ್ಕೆ ನೂರು ಎಂದರೆ ಮಕ್ಕಳೆಲ್ಲ ನೂರು ಅಂಕ ತೆಗೆದರು ಎಂದು ಯಾರೂ ತಿಳಿಯುವುದಿಲ್ಲ. ಎಲ್ಲರೂ ಪಾಸಾದರು ಎಂದಷ್ಟೇ ಅರ್ಥ, ಎಲ್ಲರೂ 36 ತೆಗೆದು ದಾಟಿದ್ದರೂ ಫಲಿತಾಂಶ ನೂರೇ. ಟೊಮ್ಯಾಟೋಮೀಟರಿನ 95 ಕೂಡ ಇಂಥದ್ದೇ. ಆದರೆ ಸಿನಿಮಾ ವಿಷಯಕ್ಕೆ ಬಂದರೆ "ನೂರಕ್ಕೆ ತೊಂಬತ್ತೈದು ಮಾರ್ಕ್ಸ್ ತೆಗೆದಿದೆ" ಎಂದೇ ಎಲ್ಲೆಡೆ ಓದಿಸುತ್ತಾರೆ.

ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಎರಡು ಕಾಲ್ಪನಿಕ ಸಿನಿಮಾಗಳಲ್ಲಿ ನೋಡಬಹುದು. ಎರಡಕ್ಕೂ ಸಾವಿರ ಸಾವಿರ ಓಟು. ಮೊದಲನೆಯದಕ್ಕೆ 500 ಮಂದಿ 10 ಕೊಟ್ಟರು, 500 ಮಂದಿ 4 ಕೊಟ್ಟರು. ಎರಡನೆಯದಕ್ಕೆ ಸಾವಿರ ಮಂದಿಯೂ 7 ಕೊಟ್ಟರು. ಸರಾಸರಿ ತೆಗೆದರೆ ಎರಡೂ 7.0, ಅಣ್ಣತಮ್ಮಂದಿರಂತೆ ಕಾಣುತ್ತವೆ. 7 ಮತ್ತು ಮೇಲ್ಪಟ್ಟು ಕೊಟ್ಟವರೆಷ್ಟು ಎಂದು ಶೇಕಡಾವಾರು ತೆಗೆದರೆ ಮೊದಲನೆಯದು 50, ಎರಡನೆಯದು 100. ಮೊದಲನೆಯದು ಒಂದಷ್ಟು ಜನರ ಜೀವಮಾನದ ನೆಚ್ಚಿನ ಸಿನಿಮಾ, ಇನ್ನೊಂದಷ್ಟು ಜನರಿಗೆ ತಲೆನೋವು. ಎರಡನೆಯದನ್ನು ಯಾರೂ ಬೈಯುವುದಿಲ್ಲ, ಮುಂದಿನ ತಿಂಗಳು ಯಾರೂ ನೆನಪಿಡುವುದೂ ಇಲ್ಲ. ವಿಚಿತ್ರ ಹಾಸ್ಯ, ಅತಿ ನಿಧಾನದ ಕಥನ, ಬಿಡಿಸದೆ ಬಿಟ್ಟ ಅಂತ್ಯ ಇವೆಲ್ಲ ಸಾಮಾನ್ಯವಾಗಿ ಮೊದಲ ಗುಂಪಿಗೆ ಸೇರುತ್ತವೆ. ಶೇಕಡಾವಾರು ಪದ್ಧತಿ ಇವನ್ನು ತುಳಿಯುತ್ತದೆ, ಯಾರ ಕಾಲಿಗೂ ಚುಚ್ಚದ ಸಿನಿಮಾಗಳನ್ನು ಎತ್ತುತ್ತದೆ. ಆ ಅಂಕಿಯನ್ನು ನೋಡಿಯೇ ಸಿನಿಮಾ ಆರಿಸುವವರು ಒಳ್ಳೊಳ್ಳೆಯದನ್ನೇ ಬಿಟ್ಟುಬಿಡುವ ಸಾಧ್ಯತೆ ಇದೆ.

ಮೂರನೆಯದು ದರ್ಜೆ. ಅಮೆರಿಕದ ಸಿನಿಮಾಸ್ಕೋರ್ ಸಂಸ್ಥೆ 1970ರ ದಶಕದ ಕೊನೆಯಿಂದ ಇದನ್ನು ಮಾಡುತ್ತಿದೆ. ಬಿಡುಗಡೆಯ ರಾತ್ರಿ ಆಯ್ದ ಚಿತ್ರಮಂದಿರಗಳಲ್ಲಿ ಪ್ರೇಕ್ಷಕರ ಕೈಗೆ ಪುಟ್ಟ ಕಾರ್ಡು ಕೊಟ್ಟು, ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೇಳುತ್ತಾರೆ. ವಯಸ್ಸು, ಗಂಡೋ ಹೆಣ್ಣೋ, ಯಾಕೆ ಬಂದಿರಿ ಎಂಬುದೂ ಅದೇ ಕಾರ್ಡಿನಲ್ಲಿರುತ್ತದೆ. ಇದನ್ನು ಓದುವ ರೀತಿ ಬೇರೆ. ಮೊದಲ ರಾತ್ರಿಯೇ ಟಿಕೆಟ್ ಕೊಂಡು ಬಂದವರು ಸಿನಿಮಾ ಇಷ್ಟವಾಗಲಿ ಎಂದು ಹಾರೈಸಿಯೇ ಬಂದವರು. ಅವರಿಂದಲೂ ಬಿ ಬಂತೆಂದರೆ ಚಿತ್ರೋದ್ಯಮದಲ್ಲಿ ಹುಬ್ಬು ಗಂಟಿಕ್ಕುತ್ತದೆ, ಸಿ ಬಂದರೆ ಎರಡನೇ ವಾರದ ಆಸೆ ಬಿಡುತ್ತಾರೆ. ದೆವ್ವದ ಸಿನಿಮಾಗಳಿಗೆ ಮಾತ್ರ ವಿನಾಯಿತಿ. ಅವಕ್ಕೆ ಸಾಮಾನ್ಯವಾಗಿ ಕಡಿಮೆ ದರ್ಜೆಯೇ ಸಿಗುವುದರಿಂದ ಸಿ ಬಂದರೂ ಯಾರೂ ಗಾಬರಿಯಾಗುವುದಿಲ್ಲ.

ಇನ್ನು ಮೆಟಾಕ್ರಿಟಿಕ್ ಎಂಬುದು 2001ರಿಂದ ಇದೆ. ವಿಮರ್ಶಕರ ಅಭಿಪ್ರಾಯವನ್ನು 0ಯಿಂದ 100ರ ಅಂಕಕ್ಕೆ ಇಳಿಸಿ ಸರಾಸರಿ ತೆಗೆಯುತ್ತದೆ, ಆದರೆ ಕೆಲವು ವಿಮರ್ಶಕರಿಗೆ ಹೆಚ್ಚು ತೂಕ. ಯಾರಿಗೆ ಎಷ್ಟು ಎಂಬುದು ಗುಟ್ಟು. ಒಂದು ಜಾಲತಾಣದಲ್ಲಿ 92, ಇನ್ನೊಂದರಲ್ಲಿ 68 ಕಂಡರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಮೊದಲನೆಯದು ಎಷ್ಟು ಜನ ಮೆಚ್ಚಿದರು ಎನ್ನುತ್ತಿದೆ, ಎರಡನೆಯದು ಎಷ್ಟು ಮೆಚ್ಚಿದರು ಎನ್ನುತ್ತಿದೆ.

ಇಪ್ಪತ್ತು ಓಟಿನ 9.4

ಸರಾಸರಿಗೆ ಒಂದು ಹಳೇ ಕಾಯಿಲೆ ಇದೆ. ಓಟು ಕಡಿಮೆ ಇದ್ದಷ್ಟೂ ಅದು ಹುಚ್ಚಾಪಟ್ಟೆ ಆಡುತ್ತದೆ. ಚಿತ್ರತಂಡದ ಇಪ್ಪತ್ತು ಮಂದಿ ನೆಂಟರು ಓಟು ಹಾಕಿದರೆ ಯಾವ ಸಿನಿಮಾವಾದರೂ 9.4 ತಲುಪುತ್ತದೆ. ಇದಕ್ಕೆ ಮದ್ದಾಗಿ ಬಳಸುವುದು ತೂಕ ಹಾಕಿದ ಸರಾಸರಿ. ತನ್ನ 250 ಅತ್ಯುತ್ತಮ ಸಿನಿಮಾಗಳ ಪಟ್ಟಿಗೆ ಐಎಂಡಿಬಿ ಬಹುಕಾಲ ಬಹಿರಂಗವಾಗಿಯೇ ಕೊಟ್ಟಿದ್ದ ಸೂತ್ರ ಇಂಥದ್ದು, ಆ ಪಟ್ಟಿ ಸೇರಲು ಈಗ ಕನಿಷ್ಠ 25,000 ಓಟು ಬೇಕು.

ಸೂತ್ರದ ಒಳಗಿರುವ ಉಪಾಯ ಸರಳ. ಪ್ರತಿ ಸಿನಿಮಾಗೂ ಅದರ ನಿಜವಾದ ಓಟುಗಳ ಜೊತೆಗೆ ಒಂದಷ್ಟು ಕಾಲ್ಪನಿಕ ಓಟು ಸೇರಿಸುತ್ತಾರೆ. ಆ ಕಾಲ್ಪನಿಕ ಓಟುಗಳೆಲ್ಲ ಜಾಲತಾಣದ ಒಟ್ಟಾರೆ ಸರಾಸರಿಯವು. ಒಟ್ಟಾರೆ ಸರಾಸರಿ 7.0, ಸೇರಿಸುವ ಓಟು 25,000 ಎಂದಿಟ್ಟುಕೊಳ್ಳೋಣ. 20 ಓಟಿನ 9.4 ಸಿನಿಮಾಗೆ 188 ಅಂಕದ ಜೊತೆ 1,75,000 ಸೇರುತ್ತದೆ, 25,020ರಿಂದ ಭಾಗಿಸಿದರೆ 7.002. ನೆಂಟರ ಪ್ರೀತಿ ಕಡಲಿಗೆ ಬಿದ್ದ ಹನಿಯಾಯಿತು. 40,000 ಓಟಿನ 8.3 ಸಿನಿಮಾಗೆ 3,32,000ದ ಜೊತೆ 1,75,000, ಭಾಗಿಸಲು 65,000. ಫಲ 7.8. ಓಟು ಹೆಚ್ಚಾದಂತೆ ಕಾಲ್ಪನಿಕ ಓಟುಗಳ ಪ್ರಭಾವ ಕರಗಿ, ಸಿನಿಮಾ ತನ್ನ ಸ್ವಂತ ಅಂಕಕ್ಕೆ ಹತ್ತಿರವಾಗುತ್ತದೆ. ಹೆಚ್ಚು ಜನ ನೋಡದ ಒಳ್ಳೆಯ ಸಿನಿಮಾಗಳು ಇಂಥ ಪಟ್ಟಿಗಳಲ್ಲಿ ಕಾಣದಿರಲು ಇದೇ ಕಾರಣ. ಅವನ್ನು ತಿರಸ್ಕರಿಸಿಲ್ಲ, ಅವುಗಳ ಬಗ್ಗೆ ತೀರ್ಮಾನವನ್ನು ತಡೆಹಿಡಿದಿದೆ.

ಪಟ್ಟಿಯ ಹೊರಗೆ, ಪ್ರತಿ ಸಿನಿಮಾದ ಪುಟದಲ್ಲಿ ಕಾಣುವ ಅಂಕವೂ ಶುದ್ಧ ಸರಾಸರಿಯಲ್ಲ ಎಂದು ಐಎಂಡಿಬಿ ತಾನೇ ಹೇಳುತ್ತದೆ. ಎಲ್ಲ ಓಟುಗಳನ್ನೂ ಎಣಿಸುತ್ತಾರೆ, ಎಲ್ಲಕ್ಕೂ ಒಂದೇ ತೂಕ ಕೊಡುವುದಿಲ್ಲ. ಲೆಕ್ಕದ ವಿವರ ಹೊರಗೆ ಬಿಟ್ಟರೆ ಅದನ್ನು ವಂಚಿಸುವ ದಾರಿಯನ್ನೂ ಹೇಳಿಕೊಟ್ಟಂತೆ ಎಂಬುದು ಅವರ ವಾದ.

ಓಟು ಹಾಕುವವರು ಯಾರು, ಹಾಕದವರು ಯಾರು

ಸಿನಿಮಾ ನೋಡಿದ ಹೆಚ್ಚಿನವರು ಎಲ್ಲೂ ಓಟು ಹಾಕುವುದಿಲ್ಲ. ಮನೆಗೆ ಬಂದು "ಪರವಾಗಿಲ್ಲ, ಒಂದ್ಸಲ ನೋಡಬಹುದು" ಎಂದು ಹೇಳಿ ಮಲಗುತ್ತಾರೆ. ಫೋನ್ ತೆಗೆದು, ಲಾಗಿನ್ ಆಗಿ, ಅಂಕ ಒತ್ತುವಷ್ಟು ಕಷ್ಟಪಡುವುದು ಹುಚ್ಚೆದ್ದು ಇಷ್ಟಪಟ್ಟವರು ಮತ್ತು ದುಡ್ಡು ಹೋಯಿತೆಂದು ಕುದಿಯುವವರು. ಆದ್ದರಿಂದ ಆನ್‌ಲೈನ್ ಅಂಕಗಳ ನಕ್ಷೆ ಬಿಡಿಸಿದರೆ ಹಲವೆಡೆ ಎರಡೂ ತುದಿಗಳಲ್ಲಿ ಎತ್ತರ, ನಡುವೆ ತಗ್ಗು. ತೀರಾ ಸಾಮಾನ್ಯವಾದ ಅಭಿಪ್ರಾಯಕ್ಕೇ ಅಲ್ಲಿ ಅತಿ ಕಡಿಮೆ ಪ್ರಾತಿನಿಧ್ಯ.

ಇದಕ್ಕೆ ಎದುರಾಗಿ ನಿಲ್ಲುವ ಪದ್ಧತಿ ಬ್ರಿಟನ್ನಿನ ಬಿಬಿಸಿ ದಶಕಗಳಿಂದ ಬಳಸಿದ ಮೆಚ್ಚುಗೆ ಸೂಚ್ಯಂಕ. ಅಲ್ಲಿ ಮೊದಲೇ ಆರಿಸಿದ ಪ್ರೇಕ್ಷಕರ ತಂಡವೊಂದಿರುತ್ತದೆ. ಅವರು ನೋಡಿದ ಪ್ರತಿ ಕಾರ್ಯಕ್ರಮಕ್ಕೂ, ಮನಸ್ಸಿಗೆ ನಾಟಲಿ ಬಿಡಲಿ, 10ಕ್ಕೆ ಅಂಕ ಕೊಡಬೇಕು. ಸರಾಸರಿಯನ್ನು ಹತ್ತರಿಂದ ಗುಣಿಸಿ 100ಕ್ಕೆ ಇಷ್ಟು ಎನ್ನುತ್ತಾರೆ. 85 ದಾಟಿದರೆ ಬಹಳ ಚೆನ್ನಾಗಿದೆ ಎಂದು ಲೆಕ್ಕ, 60ಕ್ಕಿಂತ ಇಳಿದರೆ ಚಿಂತೆ. ಕೇಳಿದ್ದಕ್ಕೆ ಉತ್ತರಿಸುವ ಈ ಗುಂಪಿನಲ್ಲಿ "ಪರವಾಗಿಲ್ಲ" ಎನ್ನುವವರೂ ಎಣಿಕೆಗೆ ಸಿಗುತ್ತಾರೆ. ತಾವಾಗಿಯೇ ಬಂದು ಓಟು ಹಾಕುವ ಕಡೆ ಅವರು ಕೈಗೆ ಸಿಗುವುದಿಲ್ಲ.

ಸಮಯದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಮೊದಲ ಮೂರು ದಿನ ಅಭಿಮಾನಿಗಳದ್ದು. ಎರಡನೇ ವಾರ, ಯಾರೋ ಚೆನ್ನಾಗಿದೆ ಎಂದದ್ದನ್ನು ಕೇಳಿ ಬಂದವರದ್ದು. ಓಟಿಟಿಗೆ ಬಂದ ಮೇಲೆ ಇನ್ನೊಂದೇ ಜನ: ಟಿಕೆಟ್ ಕೊಳ್ಳದೆ, ಕೈಯಲ್ಲಿ ರಿಮೋಟ್ ಹಿಡಿದು, ಅರ್ಧ ಗಮನದಲ್ಲಿ ನೋಡುವವರು. ಭಾರೀ ದೃಶ್ಯ, ಸದ್ದುಗದ್ದಲದ ಮೇಲೆ ನಿಂತ ಸಿನಿಮಾಗಳು ಈ ಹಂತದಲ್ಲಿ ಸಾಮಾನ್ಯವಾಗಿ ಜಾರುತ್ತವೆ. ಮಾತಿನ ಮೇಲೆ ನಿಂತ ಸಣ್ಣ ಸಿನಿಮಾಗಳು ಕೆಲವೊಮ್ಮೆ ಇಲ್ಲೇ ಮೇಲೇಳುತ್ತವೆ.

ಧಾರಾವಾಹಿ, ಸರಣಿಗಳ ಲೆಕ್ಕ ಬೇರೆ

ಸಿನಿಮಾ ರೇಟಿಂಗ್ ಓದಿದ ಹಾಗೆ ಎಪಿಸೋಡ್ ರೇಟಿಂಗ್ ಓದಿದರೆ ಎಡವುವುದು ಖಚಿತ.

ಮೊದಲನೆಯದಾಗಿ, ಸರಣಿಯ ಅಂಕ ಅದರ ಎಪಿಸೋಡುಗಳ ಸರಾಸರಿಯಲ್ಲ. ಐಎಂಡಿಬಿಯಲ್ಲಿ ಸರಣಿಗೆ ಬೇರೆ ಓಟು, ಒಂದೊಂದು ಎಪಿಸೋಡಿಗೂ ಬೇರೆ ಓಟು. ಸರಣಿಗೆ ಲಕ್ಷಗಟ್ಟಲೆ ಓಟು ಬಿದ್ದಿರುವಾಗ ನಡುವಿನ ಒಂದು ಸಾದಾ ಎಪಿಸೋಡಿಗೆ ಕೆಲವೇ ಸಾವಿರ ಇರಬಹುದು. ಒಂದೊಂದೇ ಎಪಿಸೋಡಿಗೆ ಅಂಕ ಒತ್ತುತ್ತಾ ಹೋಗುವವರು ಎಂಥವರು ಎಂದು ಊಹಿಸಿದರೆ ಸಾಕು, ಆ ಅಂಕ ಯಾಕೆ ಸಾಮಾನ್ಯವಾಗಿ ಧಾರಾಳ ಎಂಬುದು ತಿಳಿಯುತ್ತದೆ.

ಎರಡನೆಯದು, ಉಳಿದವರ ಓಟು. ಮೊದಲ ಎಪಿಸೋಡನ್ನು ಎಲ್ಲ ಬಗೆಯವರೂ ನೋಡುತ್ತಾರೆ. ಹಿಡಿಸದವರು ಎರಡು ಮೂರಕ್ಕೆ ಬಿಟ್ಟು ಹೋಗುತ್ತಾರೆ, ಹೋದವರು ಐದನೇ ಸೀಸನ್ನಿಗೆ ಕಡಿಮೆ ಅಂಕ ಕೊಡಲು ಅಲ್ಲಿರುವುದೇ ಇಲ್ಲ. ಹಾಗಾಗಿ ಮೊದಲ ಸೀಸನ್ 7.9, ನಾಲ್ಕನೆಯದು 8.6 ಎಂದು ಕಂಡರೆ ಸರಣಿ ಸುಧಾರಿಸಿತು ಎಂದು ಕೂಡಲೇ ತೀರ್ಮಾನಿಸುವ ಹಾಗಿಲ್ಲ, ಇಷ್ಟಪಡದವರು ಸೋಸಿ ಹೋಗಿರಬಹುದು. ಇದನ್ನು ತಿರುಗಿಸಿದರೆ ಇನ್ನೊಂದು ಉಪಯೋಗ: ನಿಷ್ಠಾವಂತರು ಮಾತ್ರ ಉಳಿದ ಮೇಲೂ ಅಂಕ ಕುಸಿಯುತ್ತಿದ್ದರೆ ಸರಣಿ ನಿಜಕ್ಕೂ ದಾರಿ ತಪ್ಪಿದೆ. ಗೇಮ್ ಆಫ್ ಥ್ರೋನ್ಸ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2019ರ ಮೇ ತಿಂಗಳಲ್ಲಿ ಬಂದ ಅದರ ಕೊನೆಯ ಎಪಿಸೋಡ್ ಐಎಂಡಿಬಿಯಲ್ಲಿ 4ರ ಆಸುಪಾಸಿಗೆ ಇಳಿಯಿತು. ಅದಕ್ಕೂ ಹಿಂದಿನ ಸೀಸನ್ನುಗಳಲ್ಲಿ ಅದೇ ಸರಣಿಗೆ 9 ದಾಟಿದ ಎಪಿಸೋಡುಗಳು ಸಾಲುಸಾಲಾಗಿವೆ. ಓಟು ಹಾಕಿದವರು ಹೊರಗಿನವರಲ್ಲ, ಎಂಟು ಸೀಸನ್ ಕಾದು ಕೂತವರು.

ಕೊನೆಯ ಎಪಿಸೋಡಿಗೆ ಇಷ್ಟು ಭಾರ ಯಾಕೆ? ನಮ್ಮ ನೆನಪು ಕೆಲಸ ಮಾಡುವ ರೀತಿಯೇ ಹಾಗೆ. ಮನೋವಿಜ್ಞಾನಿ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಜನರಿಗೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಲು ಹೇಳಿದರು. ಇನ್ನೊಂದು ಸುತ್ತಿನಲ್ಲಿ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡ್, ಆದರೆ ಈ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಎರಡರಲ್ಲಿ ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿಕೊಂಡರು. ಒಟ್ಟು ನೋವು ಅದರಲ್ಲೇ ಜಾಸ್ತಿ, ಆದರೆ ಮುಗಿದದ್ದು ಸ್ವಲ್ಪ ಹಿತವಾಗಿ. ಅನುಭವವನ್ನು ನೆನೆಯುವಾಗ ಅದರ ತೀವ್ರ ಗಳಿಗೆ ಮತ್ತು ಕೊನೆ, ಇವೆರಡೇ ಮುಂದೆ ಬಂದು ನಿಲ್ಲುತ್ತವೆ, ಎಷ್ಟು ಹೊತ್ತು ನಡೆಯಿತು ಎಂಬುದು ಹಿಂದೆ ಸರಿಯುತ್ತದೆ. ಎರಡು ಗಂಟೆ ಆಕಳಿಸಿದವರೂ ಕೊನೆಯ ಹತ್ತು ನಿಮಿಷ ಚೆನ್ನಾಗಿದ್ದರೆ 8 ಒತ್ತಿ ಹೊರಡುವುದು ಇದಕ್ಕೇ. ಎಪ್ಪತ್ತು ಗಂಟೆ ಖುಷಿಪಟ್ಟ ಸರಣಿಯ ಬಗ್ಗೆ "ಕೊನೆಗೆ ಎಲ್ಲ ಹಾಳು ಮಾಡಿದರು" ಎಂಬ ಮಾತಷ್ಟೇ ಉಳಿಯುವುದೂ ಇದಕ್ಕೇ.

ಮೊದಲ ಕಮೆಂಟಿನ ಬಲ

ಅಂಕ ಕೊಡುವ ಮುಂಚೆ ಬೇರೆಯವರ ಅಂಕ ಕಣ್ಣಿಗೆ ಬಿದ್ದರೆ ನಮ್ಮದು ಅತ್ತ ವಾಲುತ್ತದೆ. ಇದನ್ನು ಅಳೆದು ತೋರಿಸಿದ ಅಧ್ಯಯನವೊಂದು 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸುದ್ದಿ ಹಂಚಿಕೊಳ್ಳುವ ಜಾಲತಾಣವೊಂದರಲ್ಲಿ ಐದು ತಿಂಗಳ ಕಾಲ, ಲಕ್ಷಕ್ಕೂ ಹೆಚ್ಚು ಕಮೆಂಟುಗಳನ್ನು ಬಳಸಿಕೊಂಡು ನಡೆಸಿದ್ದು. ಯಾದೃಚ್ಛಿಕವಾಗಿ ಆರಿಸಿದ ಕೆಲವು ಕಮೆಂಟುಗಳಿಗೆ ಸಂಶೋಧಕರೇ ಮೊದಲ ಲೈಕ್ ಒತ್ತಿದರು, ಕೆಲವಕ್ಕೆ ಡಿಸ್‌ಲೈಕ್, ಉಳಿದವನ್ನು ಮುಟ್ಟಲಿಲ್ಲ. ಒಂದೇ ಒಂದು ಪುಕ್ಕಟೆ ಲೈಕ್ ಸಿಕ್ಕ ಕಮೆಂಟುಗಳ ಅಂತಿಮ ಅಂಕ ಸರಾಸರಿ 25% ಹೆಚ್ಚಾಯಿತು. ಡಿಸ್‌ಲೈಕ್ ಬಿದ್ದವಕ್ಕೆ ಹಾಗಾಗಲಿಲ್ಲ, ಉಳಿದ ಓದುಗರು ಬಂದು ಸರಿಪಡಿಸಿದರು. ಹೊಗಳಿಕೆ ಹಿಂಡು ಕಟ್ಟುತ್ತದೆ, ಅನ್ಯಾಯದ ತೆಗಳಿಕೆಯನ್ನು ಜನ ಸುಮ್ಮನೆ ಒಪ್ಪುವುದಿಲ್ಲ.

ಬಿಡುಗಡೆಯ ದಿನ ಬೆಳಗಿನ ಪ್ರದರ್ಶನ ಮುಗಿಯುವ ಮೊದಲೇ ಹೊಗಳಿಕೆ ಸುರಿಯುವಂತೆ ನೋಡಿಕೊಳ್ಳುವ ಪ್ರಚಾರ ತಂಡಗಳಿಗೆ ಈ ಸಂಶೋಧನೆ ಗೊತ್ತಿರಲಿ ಬಿಡಲಿ, ತತ್ವವಂತೂ ಚೆನ್ನಾಗಿ ಗೊತ್ತು.

ಸಾಮೂಹಿಕ ದಾಳಿ

ಸಿನಿಮಾ ನೋಡದೆಯೇ, ನಟನ ಮಾತಿಗೋ ಕಥೆಯ ನಿಲುವಿಗೋ ಸಿಟ್ಟಾಗಿ, ಸಾವಿರಾರು ಮಂದಿ ಒಟ್ಟಿಗೆ 1 ಒತ್ತುವುದಕ್ಕೆ ರಿವ್ಯೂ ಬಾಂಬಿಂಗ್ ಎನ್ನುತ್ತಾರೆ. ಉಲ್ಟಾ ಕೂಡ ಇದೆ, ಎದುರಾಳಿ ನಟನ ಸಿನಿಮಾ ಹಿಂದಿಕ್ಕಲು ಗುಂಪುಗೂಡಿ 10 ಒತ್ತುವುದು. ಸರಾಸರಿ ಇದಕ್ಕೆ ಸುಲಭದ ತುತ್ತು. 10,000 ಓಟಿನ 7.8 ಸಿನಿಮಾಗೆ 1,500 ಮಂದಿ ಬಂದು 1 ಒತ್ತಿದರೆ ಅದು 6.9ಕ್ಕೆ ಇಳಿಯುತ್ತದೆ. ಬಂದವರು ಒಟ್ಟು ಓಟಿನಲ್ಲಿ ಏಳರಲ್ಲಿ ಒಂದು ಪಾಲೂ ಇಲ್ಲ.

ಗುರುತಿಸುವುದು ಕಷ್ಟವಲ್ಲ. ಐಎಂಡಿಬಿಯಲ್ಲಿ ಅಂಕದ ಮೇಲೆ ಒತ್ತಿದರೆ 1ರಿಂದ 10ರವರೆಗೆ ಯಾವ ಅಂಕಕ್ಕೆ ಎಷ್ಟು ಓಟು ಎಂಬ ಕಂಬಗಳ ನಕ್ಷೆ ತೆರೆದುಕೊಳ್ಳುತ್ತದೆ. ಜನರಿಗೆ ನಿಜಕ್ಕೂ ಹಿಡಿಸದ ಸಿನಿಮಾದಲ್ಲಿ 3, 4, 5ರ ಕಂಬಗಳು ದಪ್ಪ, ಏಕೆಂದರೆ ನೋಡಿ ನಿರಾಶರಾದವರು ಒಂದೊಂದು ಒಳ್ಳೆಯದಕ್ಕೆ ಒಂದೊಂದು ಅಂಕ ಕೊಟ್ಟೇ ಕೊಡುತ್ತಾರೆ. ದಾಳಿ ನಡೆದ ಕಡೆ 7, 8ರ ಸುತ್ತ ಒಂದು ಸಹಜ ಗುಡ್ಡ, ನಡುವೆ ಬಯಲು, 1ರಲ್ಲಿ ಒಂಟಿ ಗೋಪುರ. 10ರಲ್ಲಿ ಮಾತ್ರ ಎತ್ತರದ ಗೋಪುರ ನಿಂತು 9ರ ಕಂಬ ಕುಳ್ಳಗಿದ್ದರೆ ಅದು ಅಭಿಮಾನಿ ಸಂಘಗಳ ಕೆಲಸ ಎಂದು ಸಂಶಯಪಡಬಹುದು. ಆದರೆ ಒಂದು ಎಚ್ಚರಿಕೆ: ಅಭಿಪ್ರಾಯ ನಿಜವಾಗಿಯೇ ಇಬ್ಭಾಗವಾದ ಸಿನಿಮಾದ ನಕ್ಷೆಯೂ ದೂರದಿಂದ ಹೀಗೇ ಕಾಣುತ್ತದೆ. ಆಗ ಬರೆದ ವಿಮರ್ಶೆಗಳನ್ನು ತೆರೆದು ನೋಡಬೇಕು. ದಾಳಿಕೋರರ ಬರಹದಲ್ಲಿ ಸಿನಿಮಾದ ಒಂದು ದೃಶ್ಯದ ಹೆಸರೂ ಇರುವುದಿಲ್ಲ.

ಜಾಲತಾಣಗಳೂ ಸುಮ್ಮನೆ ಕೂತಿಲ್ಲ. ಅಸಹಜ ಓಟು ಕಂಡರೆ ಐಎಂಡಿಬಿ ಪರ್ಯಾಯ ತೂಕ ಬಳಸಿ, ಹಾಗೆ ಮಾಡಿದ್ದೇವೆ ಎಂದು ಆ ಪುಟದಲ್ಲೇ ಸೂಚನೆ ಹಾಕುತ್ತದೆ. ರಾಟನ್ ಟೊಮ್ಯಾಟೋಸ್ 2019ರಲ್ಲಿ ಬಿಡುಗಡೆಗೆ ಮುಂಚೆ ಕಮೆಂಟು ಹಾಕುವುದನ್ನೇ ನಿಲ್ಲಿಸಿತು. ಅದೇ ವರ್ಷ ಟಿಕೆಟ್ ಕೊಂಡದ್ದು ಖಾತ್ರಿಯಾದವರ ಅಂಕವನ್ನು ಪ್ರತ್ಯೇಕವಾಗಿ ತೋರಿಸತೊಡಗಿತು. ಅಮೆಜಾನ್ ಪ್ರೈಮ್ ವಿಡಿಯೋ 2022ರಲ್ಲಿ ವಿಮರ್ಶೆಗಳನ್ನು 72 ಗಂಟೆ ತಡೆಹಿಡಿದು ಪರಿಶೀಲಿಸಿ ಬಿಡುವ ಕ್ರಮ ತಂದಿತು. ಟಿಕೆಟ್ ಖಾತ್ರಿಯಿಂದ ನೋಡದವರ ಓಟು ತಪ್ಪುತ್ತದೆ ನಿಜ, ಆದರೆ ಮತ್ತೆ ಆಸೆಯಿಂದ ಟಿಕೆಟ್ ಕೊಂಡವರೇ ಉಳಿಯುತ್ತಾರೆ. ಅಂಕ ಮೇಲಕ್ಕೆ ವಾಲುವುದು ಅಲ್ಲಿ ಅನಿವಾರ್ಯ.

ಸ್ಟಾರ್ ಹೋಗಿ ಹೆಬ್ಬೆರಳು ಬಂತು

ಒಂದು ಕಾಲಕ್ಕೆ ನೆಟ್‌ಫ್ಲಿಕ್ಸ್ ಸ್ಟಾರ್ ಲೆಕ್ಕದ ಮೇಲೆ ಪ್ರಾಣವನ್ನೇ ಇಟ್ಟಿತ್ತು. ಯಾರಿಗೆ ಯಾವ ಸಿನಿಮಾ ಎಷ್ಟು ಸ್ಟಾರ್ ಇಷ್ಟವಾಗಬಹುದು ಎಂಬ ಊಹೆಯನ್ನು 10% ಉತ್ತಮಪಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಎಂದು 2006ರಲ್ಲಿ ಸ್ಪರ್ಧೆ ಹೂಡಿತು. ಸ್ಪರ್ಧಿಗಳ ಕೈಗೆ 10 ಕೋಟಿಗೂ ಹೆಚ್ಚು ಅಂಕಗಳ ದತ್ತಾಂಶ ಕೊಟ್ಟಿತು. ಗೆದ್ದವರು ಸಿಕ್ಕಿದ್ದು 2009ರಲ್ಲಿ. ಆ ಹುಡುಕಾಟದಲ್ಲಿ ಎದ್ದು ಕಂಡ ಸಂಗತಿಗಳಲ್ಲಿ ಒಂದು, ಅಂಕ ಕೊಡುವವರ ಅಳತೆಗೋಲೇ ಕಾಲ ಕಳೆದಂತೆ ಸರಿಯುತ್ತದೆ ಎಂಬುದು. ಮೊನ್ನೆ 4 ಎಂದದ್ದಕ್ಕೆ ಮುಂದಿನ ವರ್ಷ 3 ಎನ್ನುತ್ತಾರೆ.

ಆಮೇಲೆ 2017ರಲ್ಲಿ ನೆಟ್‌ಫ್ಲಿಕ್ಸ್ ಸ್ಟಾರ್‌ಗಳನ್ನೇ ಕಿತ್ತು ಹಾಕಿ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂಬ ಎರಡೇ ಗುಂಡಿ ಇಟ್ಟಿತು. ಕಾರಣಗಳು ಎರಡು. ತೆರೆಯ ಮೇಲಿನ ಸ್ಟಾರ್‌ಗಳು ನಿಮಗೆ ಎಷ್ಟು ಹಿಡಿಸಬಹುದು ಎಂಬ ಊಹೆಯಾಗಿದ್ದವು, ಜನ ಅವನ್ನು ಎಲ್ಲರ ಸರಾಸರಿ ಎಂದು ಓದುತ್ತಿದ್ದರು. ಜೊತೆಗೆ, ಸ್ಟಾರ್ ಕೊಡುವಾಗ ಜನ ವಿಮರ್ಶಕರಾಗಿಬಿಡುತ್ತಾರೆ. ಗಂಭೀರ ಸಾಕ್ಷ್ಯಚಿತ್ರಕ್ಕೆ 5 ಕೊಟ್ಟು, ಸಂಜೆ ಕೂತು ನೋಡುವುದು 3 ಕೊಟ್ಟ ತಮಾಷೆ ಸಿನಿಮಾವನ್ನೇ. ಗುಂಡಿ ಬದಲಾಯಿಸಿ ಪರೀಕ್ಷಿಸಿದಾಗ ಅಂಕ ಕೊಡುವವರ ಪ್ರಮಾಣ 200% ಏರಿತು ಎಂದು ಕಂಪನಿ ಹೇಳಿತು. 2022ರಲ್ಲಿ ಎರಡು ಹೆಬ್ಬೆರಳು ಎಂಬ ಮೂರನೇ ಗುಂಡಿ ಸೇರಿತು. ಇಷ್ಟ, ತುಂಬಾ ಇಷ್ಟ ಎರಡರ ನಡುವಿನ ಅಂತರ ಕೊನೆಗೂ ಬೇಕಾಯಿತು ಅನ್ನಿ.

ಓದುವ ಕ್ರಮ

ಒಂದು ಸಿನಿಮಾ ನೋಡಬೇಕೋ ಬೇಡವೋ ಎಂದು ತೀರ್ಮಾನಿಸಲು ಐದು ನಿಮಿಷ ಸಾಕು. ಮೊದಲು ಓಟಿನ ಸಂಖ್ಯೆ ನೋಡಿ, ಆಮೇಲೆ ಅಂಕ. ಕೆಲವು ನೂರು ಓಟು ಮಾತ್ರ ಇದ್ದರೆ ಅಂಕವನ್ನು ಮರೆತು ವಿಮರ್ಶೆ ಓದುವುದೇ ಲೇಸು. ಬಿಡುಗಡೆಯಾಗಿ ಎಷ್ಟು ದಿನವಾಯಿತು ನೋಡಿ. ಹತ್ತು ದಿನ ಕಾಯುವ ತಾಳ್ಮೆ ಇದ್ದರೆ ಅಂಕ ತಾನಾಗಿ ತಳಕ್ಕೆ ಕೂರುತ್ತದೆ. ನಂತರ ಕಂಬಗಳ ನಕ್ಷೆ.

ವಿಮರ್ಶೆ ಓದಲು ಹೊರಟರೆ 10 ಮತ್ತು 1 ಕೊಟ್ಟವರನ್ನು ಬಿಟ್ಟು 5, 6, 7 ಕೊಟ್ಟವರ ಬಳಿ ಹೋಗಿ. ಅವರಿಗೆ ಒಂದು ಹಿಡಿಸಿರುತ್ತದೆ, ಒಂದು ಹಿಡಿಸಿರುವುದಿಲ್ಲ, ಎರಡನ್ನೂ ಹೇಳುತ್ತಾರೆ. ಎಲ್ಲೆಡೆ ಕಾಣುವ ಈ ಮಾದರಿಯನ್ನೇ ತೆಗೆದುಕೊಳ್ಳಿ: "ಫಸ್ಟ್ ಹಾಫ್ ಸ್ವಲ್ಪ ಲ್ಯಾಗ್, ಸೆಕೆಂಡ್ ಹಾಫ್ ಬೆಂಕಿ, ಕ್ಲೈಮ್ಯಾಕ್ಸ್ ಗೂಸ್‌ಬಂಪ್ಸ್." ಇದರಲ್ಲಿ ಮಾಹಿತಿ ಇಲ್ಲ ಎನ್ನುವಂತಿಲ್ಲ. ಮೊದಲರ್ಧದಲ್ಲಿ ಪಾತ್ರ ಪರಿಚಯಕ್ಕೆ ಹೆಚ್ಚು ಹೊತ್ತು ಹೋಗಿದೆ, ಘರ್ಷಣೆ ತಡವಾಗಿ ಶುರುವಾಗುತ್ತದೆ, ಕೊನೆಯಲ್ಲಿ ಭಾವನೆ ಉಕ್ಕಿಸುವ ದೃಶ್ಯವಿದೆ ಎಂಬಷ್ಟು ಊಹಿಸಬಹುದು. ಆದರೆ ಲ್ಯಾಗ್ ಎಂದವರಿಗೆ ಬೇಸರವಾದದ್ದು ಹಾಡಿನಿಂದಲೋ, ಒಂದೇ ಮಾತನ್ನು ಮೂರು ದೃಶ್ಯಗಳಲ್ಲಿ ಹೇಳಿದ್ದರಿಂದಲೋ, ಅಥವಾ ಬರೀ ಮೌನದಿಂದಲೋ ಗೊತ್ತಾಗುವುದಿಲ್ಲ. ಮೌನ ಇಷ್ಟಪಡುವವರಿಗೆ ಅದೇ ಲ್ಯಾಗ್ ಸಿನಿಮಾ ನೋಡಲು ಕಾರಣವಾಗಬಹುದು. ಕ್ಲೈಮ್ಯಾಕ್ಸ್ ಹೊಗಳಿಕೆಯನ್ನಂತೂ ಸ್ವಲ್ಪ ಕಡಿತ ಮಾಡಿಯೇ ಓದಬೇಕು, ತಣ್ಣೀರಿನ ಪ್ರಯೋಗದ ಪ್ರಭಾವ ಅಲ್ಲಿ ಜೋರು.

ಇವೆಲ್ಲಕ್ಕಿಂತ ಖಚಿತವಾದ ದಾರಿ ಇನ್ನೊಂದಿದೆ. ನಿಮಗೆ ತುಂಬಾ ಇಷ್ಟವಾದ ಎರಡು, ಸ್ವಲ್ಪವೂ ಇಷ್ಟವಾಗದ ಎರಡು ಸಿನಿಮಾಗಳ ವಿಮರ್ಶೆಗಳನ್ನು ತೆರೆದು, ನಾಲ್ಕರಲ್ಲೂ ನಿಮ್ಮಂತೆಯೇ ಅಂಕ ಕೊಟ್ಟ ಒಬ್ಬಿಬ್ಬರನ್ನು ಹುಡುಕಿ. ಲೆಟರ್‌ಬಾಕ್ಸ್ಡ್‌ನಲ್ಲಿ ಅಂಥವರನ್ನು ಫಾಲೋ ಮಾಡಬಹುದು. ಸದಾ ನಿಮಗೆ ವಿರುದ್ಧವಾಗಿ ಬರೆಯುವವರೂ ಅಷ್ಟೇ ಉಪಯೋಗಿ, ಅವರು ಬೈದದ್ದನ್ನು ಧೈರ್ಯವಾಗಿ ನೋಡಬಹುದು.

ನಿಮ್ಮ ಅಂಕ ಕೊಡುವಾಗ

ಮೊದಲು ನಿಮ್ಮ ಅಂಕ ಮನಸ್ಸಿನಲ್ಲಿ ನಿಶ್ಚಯಿಸಿ, ಆಮೇಲೆ ಬೇರೆಯವರದ್ದು ನೋಡಿ. ತೆರೆ ಆರಿದ ಐದೇ ನಿಮಿಷದಲ್ಲಿ ಒತ್ತುವ ಬದಲು ಮರುದಿನ ಬೆಳಿಗ್ಗೆ ಕೊಟ್ಟರೆ ಕೊನೆಯ ದೃಶ್ಯದ ಬಿಸಿ ಆರಿರುತ್ತದೆ. ಬರೆಯುವುದಾದರೆ "ನಟನೆ ಚೆನ್ನಾಗಿದೆ" ಎನ್ನುವುದಕ್ಕಿಂತ ಯಾವ ದೃಶ್ಯದಲ್ಲಿ ಯಾರು ಏನು ಮಾಡಿದ್ದು ಹಿಡಿಸಿತು ಎಂಬ ಒಂದೇ ಸಾಲು ಹೆಚ್ಚು ಕೆಲಸ ಮಾಡುತ್ತದೆ. ಕಥೆಯ ಮೊದಲ ಇಪ್ಪತ್ತು ನಿಮಿಷದ ಒಳಗಿನ ವಿಷಯ ಹೇಳಿದರೆ ಸಾಮಾನ್ಯವಾಗಿ ಯಾರ ಮಜಾವೂ ಕೆಡುವುದಿಲ್ಲ. ಅದರಾಚೆಗಿನದಕ್ಕೆ ಸ್ಪಾಯ್ಲರ್ ಗುರುತು ಹಾಕುವ ಆಯ್ಕೆ ಐಎಂಡಿಬಿಯಲ್ಲೂ ಇದೆ, ಲೆಟರ್‌ಬಾಕ್ಸ್ಡ್‌ನಲ್ಲೂ ಇದೆ. ಎಲ್ಲಿ ನೋಡಿದಿರಿ, ದೊಡ್ಡ ತೆರೆಯಲ್ಲೋ ಫೋನಿನಲ್ಲೋ, ಅದನ್ನೂ ಬರೆಯಿರಿ. ಡಬ್ಬಿಂಗ್ ಆವೃತ್ತಿ ನೋಡಿ ಸಂಭಾಷಣೆ ಪೇಲವ ಎಂದು ಬರೆದರೆ ಆ ದೂರು ಡಬ್ಬಿಂಗಿಗೆ ಸೇರಬೇಕೋ ಮೂಲಕ್ಕೋ ಓದುವವರಿಗೆ ತಿಳಿಯುವುದಿಲ್ಲ, ಹಾಗಾಗಿ ಯಾವ ಭಾಷೆಯ ಆವೃತ್ತಿ ಎಂಬುದೂ ಇರಲಿ.

ಸರಣಿಯನ್ನು ಮೂರು ಎಪಿಸೋಡಿಗೆ ಬಿಟ್ಟಿದ್ದರೆ ಇಡೀ ಸರಣಿಗೆ ಅಂಕ ಕೊಡುವ ಬದಲು ನೋಡಿದ ಆ ಮೂರು ಎಪಿಸೋಡುಗಳಿಗೆ ಕೊಡಬಹುದು. ಬಿಟ್ಟವರ ಓಟು ಬೀಳುವುದೇ ಅಪರೂಪವಾದ್ದರಿಂದ ಅದಕ್ಕೆ ಬೆಲೆ ಜಾಸ್ತಿ. ಎರಡನೇ ಸಲ ನೋಡಿದಾಗ ಅಭಿಪ್ರಾಯ ಬದಲಾದರೆ ಹೊಸ ಖಾತೆ ತೆರೆಯುವ ಅಗತ್ಯವಿಲ್ಲ. ಐಎಂಡಿಬಿಯಲ್ಲಿ ಒಂದು ಖಾತೆಯಿಂದ ಒಂದು ಸಿನಿಮಾಗೆ ಒಂದೇ ಓಟು ನಿಲ್ಲುತ್ತದೆ, ಮತ್ತೆ ಅಂಕ ಒತ್ತಿದರೆ ಹಳೆಯದು ಅಳಿಸಿ ಹೊಸದು ಎಣಿಕೆಗೆ ಸೇರುತ್ತದೆ.